ಗೀಸರ್ ವಾಲ್ವ್ ಯಾಕೆ ತೊಟ್ಟಿಕ್ಕುತ್ತೆ?

ಗೀಸರ್ ಆನ್ ಮಾಡಿದಾಗ ಸೇಫ್ಟಿ ವಾಲ್ವ್‌ನಿಂದ ಹನಿ ಬಿದ್ದರೆ ನಾವು ‘ಲೀಕ್ ಆಗ್ತಿದೆ’ ಅಂತ ಅದರ ಬಾಯಿ ಮುಚ್ಚಲು ಹೋಗ್ತೀವಿ. ಮುಚ್ಚಬಾರದು!

ಲೆಕ್ಕ ನೋಡೋಣ. 25 ಡಿಗ್ರಿಯ ನೀರು 75 ಡಿಗ್ರಿಗೆ ಕಾದರೆ ಸುಮಾರು 2 ಪರ್ಸೆಂಟ್ ಹಿಗ್ಗುತ್ತದೆ. 15 ಲೀಟರಿನ ಟ್ಯಾಂಕಿನಲ್ಲಿ ಅದು ಸುಮಾರು 300 ಮಿಲಿಲೀಟರ್. ತಣ್ಣೀರಿನ ಪೈಪಿನಲ್ಲಿ ನಾನ್ ರಿಟರ್ನ್ ವಾಲ್ವ್ ಇದ್ದರೆ ಅಷ್ಟು ನೀರು ವಾಪಸ್ ಹೋಗಲಾರದು. ಟ್ಯಾಂಕಿನೊಳಗೆ ಒತ್ತಡ ಏರುತ್ತದೆ. ಮಿತಿ ಮೀರಿದಾಗ ಸೇಫ್ಟಿ ವಾಲ್ವ್ ತೆರೆದು ಒಂದಿಷ್ಟು ನೀರು ಹೊರಬಿಡುತ್ತದೆ. ಈ ದಾರಿ ಮುಚ್ಚಿದ್ದು, ಥರ್ಮೋಸ್ಟಾಟೂ ಕೈಕೊಟ್ಟರೆ ಟ್ಯಾಂಕೇ ಸಿಡಿಯಬಹುದು.

ಹಾಗಾಗಿ ಗೀಸರ್ ಕೂರಿಸುವಾಗಲೇ ವಾಲ್ವಿಗೆ ಸಣ್ಣ ಪೈಪ್ ಹಾಕಿಸಿ, ಅದರ ತುದಿ ತೆರೆದೇ ಇಡೋಣ. ಗೀಸರ್ ಆಫ್ ಇದ್ದಾಗಲೂ ಹನಿ ನಿಲ್ಲದಿದ್ದರೆ ಪ್ಲಂಬರನ್ನು ಕರೆದು ವಾಲ್ವ್ ತೋರಿಸೋಣ. ಬೋರ್‌ವೆಲ್ ನೀರಾದರೆ ಸುಣ್ಣ ಕಟ್ಟಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಸರ್ವಿಸ್ ತಪ್ಪಿಸೋದು ಬೇಡ.