ಗಣಿಧಣಿಯ ಲಾಯದಿಂದ ಕಲಿತದ್ದು

ರೇಸ್ ಕುದುರೆಗಳ ತಳಿ ಸಾಕಣೆಗೆ ಇಳಿಯುತ್ತೇವೆ ಎಂದು ಬರುವವರಿಗೆ ನಾನು ಮೊದಲು ಹೇಳುವುದು ಮಾರ್ಕಸ್ ಡೇಲಿಯ ಕಥೆ. ಐರ್ಲೆಂಡಿನ ಬಡ ಮನೆಯಿಂದ ಹದಿಹರೆಯದಲ್ಲೇ ಅಮೆರಿಕಕ್ಕೆ ಬಂದು, ಮೊಂಟಾನಾದ ಬ್ಯೂಟ್‌ನಲ್ಲಿ ತಾಮ್ರದ ದೊರೆಯಾದವನು. ಈ ಕಸುಬಿನಲ್ಲಿ ನಾನು ಕಂಡುಕೊಂಡದ್ದಕ್ಕೆಲ್ಲ ಅವನ ಬದುಕಿನಲ್ಲಿ ಸಾಕ್ಷಿ ಸಿಗುತ್ತದೆ.

1. ಬಯಸಿದ್ದು ಬೇರೆ, ಸಿಕ್ಕಿದ್ದು ಬೇರೆಯಾದರೆ ಸಿಕ್ಕಿದ್ದನ್ನು ಸರಿಯಾಗಿ ನೋಡಿ. ಡೇಲಿ ಅನಕೊಂಡಾ ಗಣಿ ಕೊಂಡದ್ದು ಬೆಳ್ಳಿಗಾಗಿ. 1882ರಲ್ಲಿ ಆಳದಲ್ಲಿ ಕಂಡದ್ದು ತಾಮ್ರದ ಭಾರಿ ಪದರ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಎಡಿಸನ್‌ನ ವಿದ್ಯುತ್ ಕೇಂದ್ರ ಶುರುವಾಗಿತ್ತು; ತಂತಿಗೆ ತಾಮ್ರವೇ ಬೇಕಿತ್ತು. ಡೇಲಿ ಕುಲುಮೆ ಕಟ್ಟಿಸಿದ. ಸ್ಪ್ರಿಂಟ್‌ಗೆಂದು ಬೆಳೆಸಿದ ಮರಿ ದೂರದ ಓಟಕ್ಕೆ ಒಗ್ಗಿದರೆ ನೀವೂ ಅದಕ್ಕೆ ದಾರಿ ಬಿಡಿ.

2. ನೆಲ ನೋಡದೆ ಲಾಯ ಕಟ್ಟಬೇಡಿ. ಮೊಂಟಾನಾದ ಬಿಟರ್‌ರೂಟ್ ಕಣಿವೆಯಲ್ಲಿ ಡೇಲಿಯ ಫಾರ್ಮ್ 22,000 ಎಕರೆಯಷ್ಟಿತ್ತು, ಸುಮಾರು 3,500 ಅಡಿ ಎತ್ತರದಲ್ಲಿ. ಆ ಗಾಳಿಗೆ ಕುದುರೆಯ ಶ್ವಾಸಕೋಶ ಬಲವಾಗುತ್ತದೆ ಎಂಬುದು ಅವನ ನಂಬಿಕೆ. ನನ್ನ ಮಟ್ಟಿಗೆ ಎತ್ತರಕ್ಕಿಂತ ಹುಲ್ಲು, ನೀರು ಮುಖ್ಯ. ಬೆಂಗಳೂರೂ 3,000 ಅಡಿ ಎತ್ತರದಲ್ಲಿದೆ. ಅಷ್ಟಕ್ಕೇ ಮರಿ ಗಟ್ಟಿಯಾಗದು. ಮಣ್ಣಿನಲ್ಲಿ ಸುಣ್ಣ, ರಂಜಕ ಹದವಾಗಿದ್ದರೆ ಮೂಳೆ ಕಟ್ಟುತ್ತದೆ. ಬೆಳಗ್ಗೆ ಮರಿಯನ್ನು ಗಟ್ಟಿ ನೆಲದ ಮೇಲೆ ನಡೆಸಿ, ಎದುರಿಗೆ ನಿಂತು ನೋಡಿ: ಗೊರಸು ಒಳಕ್ಕೆ ತಿರುಗಿದೆಯೇ? ಎರಡೂ ಮುಂಗಾಲಿನ ಮೇಲೆ ಭಾರ ಸಮನಾಗಿ ಬೀಳುತ್ತಿದೆಯೇ? ಮೊಣಕಾಲಿನ ಕೆಳಗೆ ಅಂಗೈಯಿಂದ ಸವರಿ. ಒಂದು ಕಾಲು ಬೆಚ್ಚಗಿದ್ದರೆ ಆವತ್ತು ಓಡಿಸಬೇಡಿ.

3. ಗೆದ್ದ ಕುದುರೆಗೆ ಮರ್ಯಾದೆ ಸಲ್ಲಲಿ. ಅನಕೊಂಡಾ ಊರಿನ ತನ್ನ ಹೋಟೆಲಿನಲ್ಲಿ, ಬಾರ್‌ನ ನೆಲದ ಮೇಲೆ ಡೇಲಿ ತನ್ನ ರೇಸ್ ಕುದುರೆ ಟ್ಯಾಮನಿಯ ಮುಖವನ್ನು ಮರದ ತುಂಡುಗಳಲ್ಲಿ ಕೂರಿಸಿದ್ದ. ಅದನ್ನು ಯಾರೂ ತುಳಿಯುವಂತಿರಲಿಲ್ಲ. ಇಂಥ ಅಕ್ಕರೆ ಇಲ್ಲದವರಿಗೆ ಈ ಕಸುಬು ಬೇಡ.

4. ತಾಯಿಕುದುರೆಯೇ ನಿಜವಾದ ಬಂಡವಾಳ. ಹೆಸರಾಂತ ಸ್ಟಾಲಿಯನ್‌ಗೆ ದುಡ್ಡು ಸುರಿದು ತಾಯಿಯಲ್ಲಿ ರಾಜಿ ಮಾಡಿಕೊಳ್ಳುವವರೇ ಹೆಚ್ಚು. ಮೊಂಟಾನಾದಲ್ಲಿ ಹುಟ್ಟಿದ ಡೇಲಿಯ ಕುದುರೆ ಸ್ಕಾಟಿಷ್ ಚೀಫ್ಟನ್ 1897ರ ಬೆಲ್ಮಾಂಟ್ ಸ್ಟೇಕ್ಸ್ ಗೆದ್ದಿತು. ಆದರೆ ಅವನ ಹಿಂಡಿನ ದೊಡ್ಡ ಫಲವನ್ನು ಅವನು ಕಾಣಲಿಲ್ಲ. 1900ರ ನವೆಂಬರ್‌ನಲ್ಲಿ ತೀರಿಕೊಂಡ. ಕುದುರೆಗಳು ಹರಾಜಾದವು, ಆಪ್ಟೈಮ್ ಎಂಬ ತಾಯಿ ಕುದುರೆ ಮಾಲೀಕ ಜೇಮ್ಸ್ ಕೀನ್ ಪಾಲಾಯಿತು. 1902ರಲ್ಲಿ ಅದಕ್ಕೆ ಹುಟ್ಟಿದ ಸೈಸನ್‌ಬಿ 15 ಓಟಗಳಲ್ಲಿ 14 ಗೆದ್ದಿತು. ನಿಮ್ಮ ಮೊದಲ ದುಡ್ಡು ಒಳ್ಳೆಯ ತಾಯಿಗೆ ಹೋಗಲಿ. ಸ್ಟಾಲಿಯನ್ ಮುಂದಿನ ವರ್ಷ ನೋಡೋಣ.