ಮೂಲಧನವೂ ಮನೆತನವೂ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಒಂದು ಪಾಠ



ದೇಶದ ವ್ಯಾಪಾರವು ವೃದ್ಧಿ ಹೊಂದುತ್ತಿರುವುದೆಂಬ ಮಾತನ್ನು ನಾವೆಲ್ಲರೂ ದಿನವೂ ಕೇಳುತ್ತಿರುವೆವು. ೨೦೨೪–೨೫ನೆಯ ಸಾಲಿನಲ್ಲಿ ಭಾರತದ ಒಟ್ಟು ಹುಟ್ಟುವಳಿಯು ನೂರಕ್ಕೆ ಆರೂವರೆಯಂತೆ ಹೆಚ್ಚಿತೆಂದು ಕೇಂದ್ರ ಸರ್ಕಾರದ ಅಂಕಿ ಅಂಶಗಳ ಕಚೇರಿಯು ೨೦೨೫ರ ಮೇ ತಿಂಗಳಲ್ಲಿ ಅಂದಾಜು ಮಾಡಿತು. ಈ ವೃದ್ಧಿಯು ನಮ್ಮ ಮನೆಯ ಬಾಗಿಲಿಗೆ ಯಾವ ದಾರಿಯಿಂದ ಬರುತ್ತದೆ, ಬಂದದ್ದು ನಿಲ್ಲುವುದೋ ಹರಿದುಹೋಗುವುದೋ ಎಂಬುದೇ ಈ ಪಾಠದ ವಿಷಯ. ಇದು ವರ್ತಕರಿಗೆ ಮಾತ್ರ ಸಂಬಂಧಿಸಿದ ವಿಚಾರವೆಂದು ಯಾರೂ ಭಾವಿಸಬಾರದು. ಫಸಲಿನ ಹಣ ಕೈಗೆ ಬಂದ ತಿಂಗಳಲ್ಲಿಯೇ ಹೊಸ ಕೊಳವೆಬಾವಿ, ಬಂಗಾರ, ಮದುವೆ, ಸಾಲದ ಕಂತು ಇವೆಲ್ಲವೂ ತೀರ್ಮಾನವಾಗುತ್ತವೆ. ಮಗಳು ಮುಂದೆ ಓದುವಳೋ ಇಲ್ಲವೋ ಎಂಬುದೂ ಅದೇ ತಿಂಗಳಲ್ಲಿಯೇ ತೀರ್ಮಾನವಾಗುತ್ತದೆ.

೧. ಮೂಲಧನವೆಂದರೇನು?

ಹಣವೆಲ್ಲವೂ ಮೂಲಧನವಲ್ಲ. ಕಣದಿಂದ ಬಂದ ಧಾನ್ಯದಲ್ಲಿ ಊಟಕ್ಕೆ ತೆಗೆದದ್ದು ವೆಚ್ಚ. ಮುಂದಿನ ಮಳೆಗೆಂದು ಬೂದಿ ಬೆರೆಸಿ ಎತ್ತಿಟ್ಟ ಬೀಜವು ಮೂಲಧನ. ಇನ್ನೊಂದು ಹುಟ್ಟುವಳಿಗೆ ಕಾರಣವಾಗುವ ಉಳಿತಾಯಕ್ಕೆ ಮಾತ್ರ ಈ ಹೆಸರು ಸಲ್ಲುವುದು. ಈ ಅರ್ಥದಲ್ಲಿ ಹೊಲಿಗೆ ಯಂತ್ರ, ಹಸು, ಗೋದಾಮು, ಮಗಳ ವಿದ್ಯೆ ಇವೆಲ್ಲವೂ ಮೂಲಧನವೇ.

ಈಗ ದೇಶದ ಲೆಕ್ಕವನ್ನು ನೋಡೋಣ. ೨೦೨೩–೨೪ರ ಸರ್ಕಾರಿ ಸಮೀಕ್ಷೆಯಂತೆ ದುಡಿಯುವ ನೂರು ಮಂದಿಯಲ್ಲಿ ಸುಮಾರು ೪೬ ಮಂದಿ ಬೇಸಾಯ ಮತ್ತು ಅದರ ಸಂಬಂಧದ ಕಸುಬುಗಳಲ್ಲಿರುವರು. ಆದರೆ ದೇಶದ ಹುಟ್ಟುವಳಿಯ ಮೌಲ್ಯದಲ್ಲಿ ಬೇಸಾಯದ ಪಾಲು ನೂರಕ್ಕೆ ಸುಮಾರು ೧೮ ಮಾತ್ರ. ಅರ್ಧದಷ್ಟು ಜನರು ಐದರಲ್ಲಿ ಒಂದು ಪಾಲಿಗಿಂತ ಕಡಮೆಯಾದುದನ್ನು ಹಂಚಿಕೊಳ್ಳಬೇಕಾಗಿರುವುದು. ಆದಕಾರಣ ಬೆಳೆಯುವುದರ ಜೊತೆಗೆ ಬೆಳೆದುದನ್ನು ಸಂಸ್ಕರಿಸುವುದು, ಕಾದಿಡುವುದು, ಸಾಗಿಸುವುದು, ಮಾರುವುದು ಇವುಗಳಲ್ಲಿಯೂ ನಮ್ಮವರಿಗೆ ಪಾಲು ದೊರೆತ ಹೊರತು ಹಳ್ಳಿಯ ಆದಾಯವು ಏರದು.

ಕಸುಬುಗಳು ಶಾಶ್ವತವೆಂದೂ ತಿಳಿಯಬಾರದು. ಹತ್ತಿರದ ದಾವಣಗೆರೆಯನ್ನು ಹಿಂದೆ ಹತ್ತಿಯ ಗಿರಣಿಗಳಿಗಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಕಾಲ ಕಳೆದಂತೆ ಗಿರಣಿಗಳ ಸದ್ದು ಅಡಗಿತು. ೧೯೫೮ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, ೧೯೬೫ರಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿ, ಆ ಊರು ವಿದ್ಯೆ ಮತ್ತು ವೈದ್ಯದ ಊರಾಗಿ ಬದುಕಿತು. ಒಂದನ್ನೇ ನಂಬದೆ ಇನ್ನೊಂದನ್ನು ಮೊದಲೇ ಬಿತ್ತಿದ್ದವರು ಉಳಿದುಕೊಂಡರು.

೨. ನಾಲ್ಕು ತಾಲ್ಲೂಕುಗಳ ಸ್ಥಿತಿ

ಚನ್ನಗಿರಿ ಮತ್ತು ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಿಂದಲೂ, ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ೧೯೯೭ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು. ನ್ಯಾಮತಿಯು ಅನಂತರ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಜಿಲ್ಲೆ ಒಂದೇ ಆದರೂ ನೀರಿನ ಭಾಗ್ಯ ಒಂದೇ ಅಲ್ಲ.

ಚನ್ನಗಿರಿಯ ಸಂಪತ್ತು ಅಡಿಕೆ. ಸೂಳೆಕೆರೆಯೆಂದು ಹೆಸರಾದ ಶಾಂತಿಸಾಗರವೂ ಭದ್ರಾ ಬಲದಂಡೆ ನಾಲೆಯೂ ಈ ಸೀಮೆಯನ್ನು ಹಸುರಾಗಿಟ್ಟಿವೆ. ಬೆಳೆಗಾರರು ತುಮ್ಕೋಸ್ ಎಂಬ ಸಹಕಾರ ಸಂಘವನ್ನು ಕಟ್ಟಿಕೊಂಡು ತಮ್ಮ ಮಾಲನ್ನು ತಾವೇ ಮಾರುವ ಏರ್ಪಾಡು ಮಾಡಿಕೊಂಡಿರುವುದು ಮೆಚ್ಚತಕ್ಕ ವಿಷಯ. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪವು ಎಷ್ಟು ದೂರ ಬೆಳಗಿತೆಂಬುದಕ್ಕೆ ಇದೊಂದು ಸಾಕ್ಷಿ. ತೋಟದ ಹಣವು ಬೆಳೆಗಾರನಲ್ಲಿಯೇ ನಿಲ್ಲದೆ ಖೇಣಿದಾರರು, ಕಾಯಿ ಕೊಯ್ಯುವವರು, ಸುಲಿಯುವ ಹೆಂಗಸರು, ಬೇಯಿಸಿ ಒಣಗಿಸುವವರು ಇವರೆಲ್ಲರ ಮನೆಗಳನ್ನೂ ಮುಟ್ಟುತ್ತದೆ.

ಆದರೆ ಈ ಸಿರಿಯು ಮೂರು ಎಳೆಗಳ ಮೇಲೆ ತೂಗಿಕೊಂಡಿರುವುದನ್ನು ಮರೆಯಬಾರದು. ಮೊದಲನೆಯದು ನೀರು. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಲಾಯಿತು. ಮುಂದಿನ ಬೇಸಗೆಯಲ್ಲಿ ಟ್ಯಾಂಕರಿನಿಂದ ನೀರು ಕೊಂಡು ತೋಟ ಉಳಿಸಿಕೊಂಡವರ ಕಷ್ಟ ನಮ್ಮ ಓದುಗರಿಗೆ ತಿಳಿಯದುದಲ್ಲ. ಎರಡನೆಯದು ಸರ್ಕಾರದ ಕಟ್ಟಳೆ. ಕಿಲೋ ಒಂದಕ್ಕೆ ೩೫೧ ರೂಪಾಯಿಗಿಂತ ಕಡಮೆ ಬೆಲೆಯ ಅಡಿಕೆಯು ಹೊರದೇಶದಿಂದ ಬರಕೂಡದೆಂದು ೨೦೨೩ರ ಫೆಬ್ರವರಿಯಲ್ಲಿ ಆಜ್ಞೆಯಾಯಿತು. ಇಂತಹ ಬೇಲಿಯು ರಕ್ಷಿಸುವುದು ನಿಜ. ಆದರೆ ಕಾಗದದ ಮೇಲಿನ ಬೇಲಿಯನ್ನು ಇನ್ನೊಂದು ಕಾಗದವು ತೆಗೆಯಬಲ್ಲುದು. ಮೂರನೆಯದು ಆರೋಗ್ಯದ ವಿಚಾರ. ಅಡಿಕೆಯ ಸೇವನೆಯು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ೨೦೦೪ರಲ್ಲಿ ಪ್ರಕಟಿಸಿತು. ಕರ್ನಾಟಕದಲ್ಲಿ ೨೦೧೩ರಲ್ಲಿ ಗುಟ್ಕಾ ನಿಷೇಧವಾಯಿತು. ಅಡಿಕೆ ಸಸಿಯು ಫಲ ಕೊಡಲು ಐದಾರು ವರ್ಷ ಬೇಕು. ಇಂದು ಗದ್ದೆಯನ್ನು ಮುಚ್ಚಿ ಸಸಿ ನೆಡುವವನು ಇಂದಿನ ಧಾರಣೆಯನ್ನಲ್ಲ, ಐದಾರು ವರ್ಷಗಳಾಚೆಯ ಧಾರಣೆಯನ್ನು ನಂಬಿ ನೆಡುತ್ತಿರುವನು. ಆದಕಾರಣ ಒಳ್ಳೆಯ ವರ್ಷದ ಲಾಭವೆಲ್ಲವನ್ನೂ ಮತ್ತೆ ಅಡಿಕೆಗೇ ಸುರಿಯುವುದು ಜಾಣತನವಲ್ಲ.

ಜಗಳೂರಿನ ಕಥೆ ಬೇರೆ. ಅಲ್ಲಿ ರೈತನು ಮುಗಿಲನ್ನು ನೋಡಿ ಮೆಕ್ಕೆಜೋಳ ಬಿತ್ತುವನು. ಮೆಕ್ಕೆಜೋಳಕ್ಕೆ ಕೋಳಿಯ ಆಹಾರ, ಪಿಷ್ಟ, ವಾಹನಗಳ ಇಂಧನಕ್ಕೆ ಬೆರೆಸುವ ಎಥನಾಲ್ ಎಂಬ ಮೂರು ಗಿರಾಕಿಗಳಿರುವರು. ಬೆಳವಣಿಗೆಯ ಅವಕಾಶವು ದೊಡ್ಡದು. ಆದರೂ ೨೦೨೫–೨೬ರ ಬೆಂಬಲ ಬೆಲೆ ಕ್ವಿಂಟಾಲಿಗೆ ೨,೪೦೦ ರೂಪಾಯಿ ಇದ್ದಾಗ ಸುಗ್ಗಿಯ ಪೇಟೆಯ ಬೆಲೆಯು ಅದಕ್ಕಿಂತ ಬಹಳ ಕೆಳಗೆ ಬಿದ್ದು, ರೈತರು ಬೀದಿಗಿಳಿಯಬೇಕಾಯಿತು. ಹೇಗೆಂದರೆ, ಒಂದು ಮನೆಯಲ್ಲಿ ೨೦ ಕ್ವಿಂಟಾಲ್ ಬೆಳೆದಿದೆಯೆಂದು ಇಟ್ಟುಕೊಳ್ಳಿರಿ. ಬೆಂಬಲ ಬೆಲೆಗೆ ೪೮,೦೦೦ ರೂಪಾಯಿ. ೧,೯೦೦ಕ್ಕೆ ಮಾರಿದರೆ ೩೮,೦೦೦. ನಡುವಿನ ಹತ್ತು ಸಾವಿರವು ಒಬ್ಬ ಹುಡುಗಿಯ ಓದಿನ ವೆಚ್ಚವಾಗಬಹುದಾಗಿತ್ತು. ಎಲ್ಲರೂ ಒಂದೇ ವಾರದಲ್ಲಿ ಮಾರಲು ಬರುವುದು ಬೆಲೆ ಬೀಳುವುದಕ್ಕೆ ಮುಖ್ಯ ಕಾರಣಗಳಲ್ಲೊಂದು. ಸಾಲಗಾರನ ಅವಸರವು ಅವರನ್ನು ತರುತ್ತದೆ. ಕಾಳನ್ನು ತೇವಾಂಶ ನೂರಕ್ಕೆ ೧೪ಕ್ಕೆ ಇಳಿಯುವಂತೆ ಒಣಗಿಸುವ ಕಣ, ಗೋದಾಮು, ಗೋದಾಮಿನ ರಸೀದಿಯ ಮೇಲೆ ಅಡಮಾನ ಸಾಲ ಇವು ದೊರೆತರೆ ಕಾಯುವ ಶಕ್ತಿ ಬರುವುದು. ಕಾದರೆ ಬೆಲೆ ಏರಿಯೇ ತೀರುವುದೆಂದಲ್ಲ. ಆದರೆ ಯಾವಾಗ ಮಾರಬೇಕೆಂಬ ಆಯ್ಕೆಯು ರೈತನ ಕೈಯಲ್ಲಿರುವುದು. ತುಂಗಭದ್ರೆಯ ನೀರಿನಿಂದ ಜಗಳೂರು ಸೀಮೆಯ ೫೭ ಕೆರೆಗಳನ್ನು ತುಂಬಿಸುವ ಯೋಜನೆಯೂ ಇಲ್ಲಿ ನೆನೆಯತಕ್ಕದ್ದು. ನೀರು ಬಂದಲ್ಲಿ ಅದನ್ನು ಒಂದೇ ಬಾಯಾರಿದ ಬೆಳೆಗೆ ಕುಡಿಸದೆ, ಹೈನು, ತರಕಾರಿ, ರಾಗಿ ಮುಂತಾದವುಗಳಿಗೆ ಹಂಚಿದರೆ ಭಾಗ್ಯವು ನಿಲ್ಲುವುದು.

ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯ ಭತ್ತವಿದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವಾಗಿದ್ದು, ಜಯಂತಿಗೆ ದೂರದ ನಾಡುಗಳಿಂದ ಬಂಜಾರ ಜನರು ಬರುವರು. ಯಾತ್ರಿಕರು ಬರುವಲ್ಲಿ ಊಟ, ವಸತಿ, ಕೈಕೆಲಸಗಳಿಗೆ ಪೇಟೆಯಿದೆ. ೨೦೨೩ರ ಜುಲೈಯಲ್ಲಿ ಹಂಪಿಯಲ್ಲಿ ಸೇರಿದ ಜಿ-೨೦ ಸಭೆಯ ಸಂದರ್ಭದಲ್ಲಿ ಸಂಡೂರಿನ ಲಂಬಾಣಿ ಹೆಂಗಸರು ತಮ್ಮ ಕಸೂತಿಯಿಂದ ವಿಶ್ವದಾಖಲೆ ಮಾಡಿದರು. ಅವರಿಗಿರುವ ಸೂಜಿಯೇ ನಮ್ಮ ತಾಂಡಾಗಳಲ್ಲಿಯೂ ಇದೆ, ಸಂಘಟನೆ ಬೇಕಾಗಿದೆ.

೩. ಹಣ ಹೂಡುವ ಮೊದಲು ಕೇಳತಕ್ಕ ಮೂರು ಪ್ರಶ್ನೆಗಳು

ಮೊದಲನೆಯದು: ಈ ಲಾಭವು ಯಾವ ಹುಟ್ಟುವಳಿಯಿಂದ ಬರುತ್ತದೆ? ಎರಡನೆಯದು: ಕೊಳ್ಳುವವನು ಒಬ್ಬನೋ, ಹಲವರೋ? ಮೂರನೆಯದು: ನಷ್ಟವಾದರೆ ಯಾರು ಹೊರುವರು?

ಇವುಗಳೊಡನೆ ಒಂದು ಸುಲಭ ಲೆಕ್ಕವನ್ನು ಕಲಿಯಿರಿ. ೭೨ನ್ನು ವರ್ಷದ ಬಡ್ಡಿಯ ದರದಿಂದ ಭಾಗಿಸಿದರೆ ಹಣವು ಇಮ್ಮಡಿಯಾಗುವ ವರ್ಷಗಳು ದೊರೆಯುತ್ತವೆ. ನೂರಕ್ಕೆ ಆರರಂತೆ ೧೨ ವರ್ಷ. ಬೆಲೆಗಳು ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಏರಿದರೆ ೧೮ ವರ್ಷಗಳಲ್ಲಿ ಅವೂ ಇಮ್ಮಡಿ; ಪೆಟ್ಟಿಗೆಯಲ್ಲಿಟ್ಟ ಲಕ್ಷ ರೂಪಾಯಿಯು ಆಗ ಇಂದಿನ ಅರ್ಧದಷ್ಟು ಸಾಮಾನನ್ನು ಮಾತ್ರ ತರುವುದು. ಇನ್ನು ಕೈಸಾಲವನ್ನು ನೋಡಿರಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯೆಂದರೆ ಕಿವಿಗೆ ಸಣ್ಣದು. ವರ್ಷಕ್ಕೆ ಅದು ೩೬. ಬಡ್ಡಿಗೆ ಬಡ್ಡಿ ಸೇರಿದರೆ ಎರಡೇ ವರ್ಷಗಳಲ್ಲಿ ಸಾಲವು ಇಮ್ಮಡಿ!

ಅದೇ ಮೂರು ರೂಪಾಯಿಯನ್ನು ನಿಮಗೆ ಕೊಡುವೆನೆಂದು ಯಾರಾದರೂ ಠೇವಣಿ ಕೇಳಿದರೆ ಮೊದಲನೆಯ ಪ್ರಶ್ನೆಯನ್ನು ಕೇಳಿರಿ. ಯಾವ ಹೊಲ, ಯಾವ ಅಂಗಡಿ ವರ್ಷವರ್ಷವೂ ನೂರಕ್ಕೆ ೩೬ ತಪ್ಪದೆ ಕೊಡಬಲ್ಲುದು? ೨೦೧೯ರಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆಯು ಕುಸಿದಾಗ ಸಾವಿರಾರು ಸಂಸಾರಗಳು ಕೂಡಿಟ್ಟುದನ್ನು ಕಳೆದುಕೊಂಡವು. ಅದೇ ವರ್ಷ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕಾನೂನು ಬಂದಿತು. ಆದರೆ ಕಳೆದುಹೋದ ಮೇಲೆ ಬರುವ ಕಾನೂನಿಗಿಂತ ಕೊಡುವ ಮೊದಲು ಕೇಳುವ ಪ್ರಶ್ನೆಯು ಮೇಲು. ಬ್ಯಾಂಕಿನ ಠೇವಣಿಗೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ೫ ಲಕ್ಷ ರೂಪಾಯಿಯವರೆಗೆ ೨೦೨೦ರಿಂದ ವಿಮೆಯ ರಕ್ಷಣೆ ಉಂಟು.

೪. ಹೆಣ್ಣುಮಕ್ಕಳ ಪಾಲು

೧೯೯೨ರಲ್ಲಿ ನಬಾರ್ಡ್ ಬ್ಯಾಂಕು ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಕಾರ್ಯವನ್ನು ಆರಂಭಿಸಿತು. ಕರ್ನಾಟಕವು ಅದರ ತವರುಗಳಲ್ಲೊಂದು. ಜಾಮೀನಿಗೆ ಭೂಮಿಯಿಲ್ಲದ ಹೆಂಗಸರು ಒಬ್ಬರಿಗೊಬ್ಬರು ಹೊಣೆಯಾಗಿ ಸಾಲ ಪಡೆದು, ಅದನ್ನು ತೀರಿಸಿ, ತಮ್ಮ ಮಾತಿಗೆ ಬೆಲೆಯಿದೆಯೆಂದು ತೋರಿಸಿದರು. ೨೦೨೦ರಲ್ಲಿ ಆರಂಭವಾದ ಕಿರು ಆಹಾರ ಉದ್ದಿಮೆಗಳ ಯೋಜನೆಯಲ್ಲಿ ವೆಚ್ಚದ ನೂರಕ್ಕೆ ೩೫ರಷ್ಟು, ಹತ್ತು ಲಕ್ಷ ಮೀರದಂತೆ, ಸಹಾಯಧನವನ್ನು ಗೊತ್ತುಮಾಡಲಾಯಿತು. ರೊಟ್ಟಿ, ಚಟ್ನಿಪುಡಿ, ಹಪ್ಪಳ, ರಾಗಿ ಹುರಿಹಿಟ್ಟುಗಳು ನಮ್ಮ ತಾಯಂದಿರಿಗೆ ಬಾರದ ವಿದ್ಯೆಗಳಲ್ಲ. ಕಲಿಯಬೇಕಾದುದು ತೂಕ, ಶುಚಿ, ಚೀಟಿ ಮತ್ತು ಲೆಕ್ಕದ ಪುಸ್ತಕ. ಅದನ್ನು ಶಾಲೆ ಕಂಡ ಮಗಳು ಕಲಿಸಬಲ್ಲಳು. ಅದಕ್ಕೆ ಹೇಳಿದ್ದು, ಅವಳ ವಿದ್ಯೆಯೂ ಮೂಲಧನವೆಂದು. ಬರ ಬಂದರೂ ಬತ್ತದ, ಧಾರಣೆ ಬಿದ್ದರೂ ಇಳಿಯದ ಮೂಲಧನವದು. ಫಸಲಿನ ಹಣದಲ್ಲಿ ಅದರ ಪಾಲನ್ನು ಕೊನೆಯಲ್ಲಿ ಉಳಿದರೆ ನೋಡೋಣವೆನ್ನದೆ, ಬೀಜದ ಕಾಳಿನಂತೆ ಮೊದಲೇ ಎತ್ತಿಡತಕ್ಕದ್ದು.

ಮನೆಯ ಅಭ್ಯಾಸ

(೧) ನಿಮ್ಮ ಮನೆಯ ಹಿಂದಿನ ವರ್ಷದ ಆದಾಯವು ಎಷ್ಟು ಮೂಲಗಳಿಂದ ಬಂದಿತು? ಒಂದೇ ಮೂಲವಾಗಿದ್ದರೆ ಎರಡನೆಯದು ಯಾವುದಾಗಬಹುದು?

(೨) ಮನೆಯ ಸಾಲಗಳ ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತಿರುಗಿಸಿ ಬರೆಯಿರಿ. ಹೆಚ್ಚಿನ ಬಡ್ಡಿಯದನ್ನು ಮೊದಲು ತೀರಿಸುವ ಉಪಾಯವೇನು?

(೩) ತಾಯಿಯ ಹೆಸರಿನಲ್ಲಿ ಖಾತೆ ಇದೆಯೇ? ಅದರ ಪುಸ್ತಕವನ್ನು ಅವರು ಓದಬಲ್ಲರೇ? ಇಲ್ಲವಾದರೆ ಈ ವಾರ ಅವರೊಡನೆ ಕುಳಿತು ಓದಿರಿ.