ಲೆಕ್ಕದ ಕಡತಗಳಿಗೆ ಭದ್ರ ನೆಲೆ: ಮುಕ್ತ ತಂತ್ರಾಂಶದ ಕಡತ ವ್ಯವಸ್ಥೆಗಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ನಡೆಯದ ಹಳೆಯ ಗಣಕಯಂತ್ರಗಳನ್ನು ಇಟ್ಟುಕೊಂಡಿರುವ ವರ್ತಕರು ಉಚಿತವಾಗಿ ದೊರೆಯುವ ಲಿನಕ್ಸ್‌ನತ್ತ ನೋಡುವುದು ಸಹಜ. ಆದರೆ ಕಮಠಾಣದ ಅಂಗಡಿಯಾಗಲಿ, ಬೀದರಿನ ದಾಲ್‌ಮಿಲ್ಲಾಗಲಿ, ಹಲವು ವರ್ಷಗಳ ಖಾತೆಗಳು ಹಳೆಯ ಡಿಸ್ಕಿನಲ್ಲಿದ್ದರೆ ಮೊದಲು ಕೇಳಬೇಕಾದುದು ಇಷ್ಟು: ಆ ಕಡತಗಳನ್ನು ಹೊಸ ವ್ಯವಸ್ಥೆ ಓದಬಲ್ಲದೇ? ಇನ್ನೆಷ್ಟು ವರ್ಷ ಓದಬಲ್ಲದು? ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನದಿಂದ 72 ತಿಂಗಳು ಕಾದಿರಿಸಬೇಕೆಂಬುದನ್ನು ಸದಸ್ಯರು ಬಲ್ಲರು.

ಕೀರ್ದಿ ಮತ್ತು ಖಾತೆ

ಗೋದಾಮಿನಲ್ಲಿ ಯಾವ ಚೀಲ ಯಾವ ಸಾಲಿನಲ್ಲಿದೆ ಎಂದು ಬರೆದಿಡುವಂತೆ, ಡಿಸ್ಕಿನಲ್ಲಿ ಯಾವ ಕಡತ ಎಲ್ಲಿದೆ ಎಂದು ದಾಖಲಿಸುವ ಪದ್ಧತಿಯೇ ಫೈಲ್ ಸಿಸ್ಟಮ್, ಅಂದರೆ ಕಡತ ವ್ಯವಸ್ಥೆ. ವಿಂಡೋಸ್‌ನಲ್ಲಿ ಎನ್‌ಟಿಎಫ್‌ಎಸ್, ಲಿನಕ್ಸ್‌ನಲ್ಲಿ ಹೆಚ್ಚಾಗಿ ಇಎಕ್ಸ್‌ಟಿ4, ಪೆನ್‌ಡ್ರೈವ್‌ಗಳಲ್ಲಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಬಳಕೆಯಲ್ಲಿವೆ.

ನಾವು ವ್ಯವಹಾರವನ್ನು ಮೊದಲು ರೋಜುಕೀರ್ದಿಯಲ್ಲಿ ಬರೆದು ನಂತರ ಖಾತೆಗೆ ಏರಿಸುತ್ತೇವೆ. ನಡುವೆ ಕೆಲಸ ನಿಂತರೂ ಕೀರ್ದಿ ನೋಡಿ ಖಾತೆಯನ್ನು ಸರಿಪಡಿಸಬಹುದು. ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4 ಎರಡೂ ಇಂಥದೇ ಕೀರ್ದಿಯನ್ನು ಇಡುತ್ತವೆ; ಅದಕ್ಕೆ ಜರ್ನಲ್ ಎಂದು ಹೆಸರು. ಫ್ಯಾಟ್32, ಎಕ್ಸ್‌ಫ್ಯಾಟ್‌ಗಳಲ್ಲಿ ಅದಿಲ್ಲ. ಆದ್ದರಿಂದ ಬರೆಯುವ ನಡುವೆ ವಿದ್ಯುತ್ ಹೋದರೆ ಅಥವಾ ಪೆನ್‌ಡ್ರೈವ್ ಕಿತ್ತರೆ ಅಪಾಯ ಹೆಚ್ಚು. ಜರ್ನಲ್ ಕೂಡ ಸಾಮಾನ್ಯವಾಗಿ ಕಾಯುವುದು ಡಿಸ್ಕಿನ ವ್ಯವಸ್ಥೆಯನ್ನು ಮಾತ್ರ. ಆ ಕ್ಷಣ ಬರೆಯುತ್ತಿದ್ದ ಬಿಲ್ ಕಳೆಯಬಹುದು. ಯುಪಿಎಸ್ ಮತ್ತು ಬ್ಯಾಕಪ್‌ಗೆ ಅದು ಬದಲಿಯಲ್ಲ.

ಬೆಂಬಲ ಬರುತ್ತದೆ, ಹೋಗುತ್ತದೆ

ಎಕ್ಸ್‌ಫ್ಯಾಟ್‌ನ ವಿವರಗಳನ್ನು ಮೈಕ್ರೋಸಾಫ್ಟ್ 2019ರಲ್ಲಿ ಪ್ರಕಟಿಸಿತು. ಸ್ಯಾಮ್‌ಸಂಗ್ ಸಿದ್ಧಪಡಿಸಿದ ಚಾಲಕ ತಂತ್ರಾಂಶ 2020ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಸೇರಿತು. 2021ರಲ್ಲಿ ಪ್ಯಾರಗಾನ್ ಸಂಸ್ಥೆಯು ಎನ್‌ಟಿಎಫ್‌ಎಸ್‌ಗೆ ಓದುವ ಮತ್ತು ಬರೆಯುವ ಚಾಲಕವನ್ನು ನೀಡಿತು. ಹೀಗಾಗಿ ಹಳೆಯ ವಿಂಡೋಸ್ ಡಿಸ್ಕುಗಳು ಇಂದಿನ ಲಿನಕ್ಸ್‌ಗೆ ಅಪರಿಚಿತವಲ್ಲ.

ಆದರೆ ಒಮ್ಮೆ ಸೇರಿದ್ದು ಶಾಶ್ವತವಲ್ಲ. 2001ರಲ್ಲಿ ಕರ್ನಲ್ ಸೇರಿದ್ದ ರೈಸರ್‌ಎಫ್‌ಎಸ್ ಒಂದು ಕಾಲಕ್ಕೆ ಸೂಸೆ ಲಿನಕ್ಸ್‌ನ ಮೊದಲ ಆಯ್ಕೆಯಾಗಿತ್ತು. ನೋಡಿಕೊಳ್ಳುವವರು ವಿರಳವಾದಂತೆ 2022ರಲ್ಲಿ ಅದನ್ನು ಕೈಬಿಡುವ ಸೂಚನೆ ಬಂತು; 2025ರ ಜನವರಿಯ 6.13ನೇ ಆವೃತ್ತಿಯಲ್ಲಿ ಅದು ಇರಲಿಲ್ಲ. ಸೂಚನೆಗೂ ತೆಗೆದುಹಾಕುವುದಕ್ಕೂ ನಡುವಿನ ಅವಧಿ ನಮ್ಮ 72 ತಿಂಗಳ ಅರ್ಧಕ್ಕಿಂತಲೂ ಕಡಿಮೆ.

ನಮ್ಮ ರಾಜ್ಯದ ನಿದರ್ಶನವೂ ಇದೆ. ಅನೇಕ ಯಂತ್ರಗಳ ಡಿಸ್ಕುಗಳನ್ನು ಒಂದೇ ಭಂಡಾರವಾಗಿ ಜೋಡಿಸುವ ಗ್ಲಸ್ಟರ್‌ಎಫ್‌ಎಸ್‌ನ ತಾಂತ್ರಿಕ ಕೆಲಸ ಬಹುಪಾಲು ಬೆಂಗಳೂರಿನಲ್ಲಿ ನಡೆದಿತ್ತು. 2011ರಲ್ಲಿ ರೆಡ್ ಹ್ಯಾಟ್ ಆ ಸಂಸ್ಥೆಯನ್ನು ಸುಮಾರು 13.6 ಕೋಟಿ ಡಾಲರ್‌ಗೆ ಕೊಂಡಿತು. ಅದರ ಆಧಾರದ ಮೇಲೆ ರೆಡ್ ಹ್ಯಾಟ್ ಮಾರುತ್ತಿದ್ದ ಉತ್ಪನ್ನದ ಬೆಂಬಲ 2024ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಮೂಲಸಂಕೇತ ಇಂದಿಗೂ ಮುಕ್ತವಾಗಿದೆ. ಆದರೆ ಕರೆ ಮಾಡಿದರೆ ಬಂದು ಸರಿಪಡಿಸುವ ಹೊಣೆ ಹಿಂದಿನಂತಿಲ್ಲ. ಸಂಕೇತ ಮುಕ್ತವಾಗಿದ್ದ ಮಾತ್ರಕ್ಕೆ ಸೇವೆಯೂ ದೊರೆಯುವುದೆಂದು ತಿಳಿಯಬಾರದು.

ಸದಸ್ಯರು ಅನುಸರಿಸಬಹುದಾದ ಕ್ರಮಗಳು

1. ವ್ಯವಸ್ಥೆ ಬದಲಿಸುವ ಮುನ್ನ ಎರಡು ಪ್ರತಿ ತೆಗೆದು, ಒಂದನ್ನು ಅಂಗಡಿಯ ಹೊರಗಿಡಿ. ಪ್ರತಿಯನ್ನು ತೆರೆದು ನೋಡಿದ ಮೇಲೆಯೇ ಮೂಲವನ್ನು ಮುಟ್ಟಿ.

2. ಕಡತ ತೆರೆಯುವುದೇ ಬೇರೆ, ತಂತ್ರಾಂಶ ನಡೆಯುವುದೇ ಬೇರೆ. ಟ್ಯಾಲಿಯು ವಿಂಡೋಸ್‌ಗಾಗಿ ರಚಿತವಾದುದು. ಬದಲಾವಣೆಗೆ ಮೊದಲೇ ಇದನ್ನು ವಿಚಾರಿಸಿ.

3. ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ಸೌಲಭ್ಯವನ್ನು ನಿಲ್ಲಿಸಿ, ಯಂತ್ರವನ್ನು ಪೂರ್ಣ ಮುಚ್ಚಿದ ಬಳಿಕವೇ ಆ ಡಿಸ್ಕನ್ನು ಲಿನಕ್ಸ್‌ನಲ್ಲಿ ತೆರೆಯಿರಿ.

4. ಫ್ಯಾಟ್32ನಲ್ಲಿ 4 ಜಿಬಿ ತುಂಬಿದ ಒಂದೇ ಕಡತ ಹಿಡಿಸದು. ದೊಡ್ಡ ಬ್ಯಾಕಪ್‌ಗೆ ಅದನ್ನು ನೆಚ್ಚಬೇಡಿ.

5. ಕಡತದ ಹೆಸರು ಚಿಕ್ಕದಿರಲಿ. ಇಎಕ್ಸ್‌ಟಿ4ನಲ್ಲಿ ಹೆಸರಿನ ಮಿತಿ 255 ಬೈಟ್. ಯೂನಿಕೋಡ್ ಕನ್ನಡದ ಒಂದೊಂದು ಅಕ್ಷರಕ್ಕೂ ಸ್ವರಚಿಹ್ನೆಗೂ 3 ಬೈಟ್ ಬೇಕು. 'ಕಮಠಾಣ' ಎಂಬ ಹೆಸರೊಂದಕ್ಕೇ 15 ಬೈಟ್.

6. ಹೊಸ ಡಿಸ್ಕಿಗೆ ಅನೇಕ ಸಂಸ್ಥೆಗಳೂ ಸ್ವಯಂಸೇವಕರೂ ನೋಡಿಕೊಳ್ಳುತ್ತಿರುವ ಇಎಕ್ಸ್‌ಟಿ4ನಂಥ ವ್ಯವಸ್ಥೆಯನ್ನೇ ಆರಿಸಿ.

ಉದ್ರಿ ಕೊಡುವ ಮುನ್ನ ಗಿರಾಕಿಯ ಬೆನ್ನಿಗೆ ಯಾರಿದ್ದಾರೆಂದು ವಿಚಾರಿಸುವ ನಾವು, ನಮ್ಮ ಖಾತೆಗಳನ್ನು ಒಪ್ಪಿಸುವ ತಂತ್ರಾಂಶದ ಬಗೆಗೂ ಅದೇ ಎಚ್ಚರ ವಹಿಸುವುದು ಕ್ಷೇಮ.